ಹಾಡನ್ನು ಕೊಂದ ಹುಡುಗಿ

ಫೆಬ್ರವರಿ 11, ಭಾನುವಾರ

ನೀರೆರಚುವ ಇಂತ್ರುದು ಹಬ್ಬ ಮುಗಿಯಿತು. ಬೀದಿಯೆಲ್ಲ ನೀರು, ಮನೆಯೆಲ್ಲ ಒದ್ದೆ ಬಟ್ಟೆ, ನನ್ನ ಗಂಡ ಹಿಲರಿಯ ಎಡಗಿವಿಯೊಳಗೂ ನೀರು. ಈ ಸಲ ಪಾದ್ರಿಗಳನ್ನೂ ಬಿಡದೆ ತೋಯಿಸಿದರು. ಬುಧವಾರ ಹಣೆಗೆ ಬೂದಿ ಬಿದ್ದಮೇಲೆ ಈಸ್ಟರ್‌ವರೆಗೆ ಕುಣಿತವಿಲ್ಲ, ಪಿಟೀಲಿಲ್ಲ. ಹಾಗಾಗಿ ಇವತ್ತೇ ಎಲ್ಲರಿಗೂ ಹುಚ್ಚು.

ಸಂಜೆ ಚೌಕದಲ್ಲಿ, ಬೀದಿಯ ಮಕ್ಕಳಿಗೆ ಕುಣಿತ ಕಲಿಸುವ ಡೋರಿಸ್‌ಳ ತಂಡ ಕುಣಿಯಿತು. ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ, ಪದ್ಯಕ್ಕೆ ಪದ್ಯ. ಎಲ್ಲ ಬಾಯಿಪಾಠ! ಈ ಆಟದ ಹೆಸರೇ ಮಾತಾ ಕಾಂತೀಗ, ಅಂದರೆ ಹಾಡನ್ನು ಕೊಲ್ಲುವುದು. ಎದುರಿನವರು ಹಾಡಿದ್ದಕ್ಕೆ ನಿಂತ ನಿಲುವಿನಲ್ಲೇ ಪದ್ಯ ಕಟ್ಟಿ ತಿರುಗಿ ಹೊಡೆಯಬೇಕು, ಉತ್ತರ ಸಿಗದೆ ನಿಂತವರು ಸೋತಂತೆ. ಡೋರಿಸ್‌ಳ ಮಕ್ಕಳದ್ದು ಕೊಲ್ಲುವುದಲ್ಲ, ಸತ್ತದ್ದನ್ನು ಹೂಳುವುದು. ನನ್ನ ಗಂಟಲು ಸರಿಯಿದ್ದಿದ್ದರೆ ನಾನೇ ಇಳಿಯುತ್ತಿದ್ದೆ. ಆಪರೇಷನ್ ಆದಮೇಲೆ ಮೀನು ಮಾರುವವನನ್ನು ಕರೆದರೂ ಅವನಿಗೆ ಕೇಳಿಸುವುದಿಲ್ಲ.

ಅದಕ್ಕೇ ಫೀನಾಳ ಬೆನ್ನಿಗೆ ಕೈಯಿಟ್ಟು ತಳ್ಳಿದೆ. ನನ್ನ ತಂಗಿಯ ಮಗಳು, ಹದಿನೇಳು ವರ್ಷ. ತಾಯಿ ಸಿಂಗಪುರದ ಹೋಟೆಲಿನಲ್ಲಿ ಕೆಲಸಕ್ಕಿರುವುದರಿಂದ ಎಂಟು ವರ್ಷದಿಂದ ನಮ್ಮ ಜೊತೆಗೇ ಇದ್ದಾಳೆ. ಈರುಳ್ಳಿ ಹೆಚ್ಚುತ್ತ ಪದ್ಯ ಕಟ್ಟುವ ಹುಡುಗಿ. ಆದರೆ ಜನರೆದುರು ಇಳಿದದ್ದು ಇದೇ ಮೊದಲು. ಎದುರಿಗೆ ಬಂದವನು ಬೇಸಿಲ್ ಲಾಜಾರೂ, ಪೇಟೆಯ ಹೋಟೆಲಿನ ವಾದ್ಯದವನು, ಇಪ್ಪತ್ತೊಂದಿರಬಹುದು. ಕೈಯಲ್ಲಿದ್ದ ನೀರಿನ ಕೊಡ ಅವಳ ತಲೆಯ ಮೇಲೆ ಸುರಿದು ಹಾಡಿದ:

ಕಡಲಿನ ತೀರದಿ ಮರಳಿನ ರಾಶಿ,
ಮರಳಿನ ಮೇಲೊಂದು ಏಡಿ;
ನಿನ್ನಯ ಕಣ್ಣು ಚಂದವೊ ಚಂದ,
ನನ್ನ ಮೇಲಿಡು ನೋಡಿ.

ಪದ್ಯ ಮೂರು ಕಾಲಿನ ಕುರ್ಚಿಯ ಹಾಗಿತ್ತು. ಆದರೆ ದನಿ! ನಿಂತ ಭಂಗಿ! ನನಗೇ ಎದೆ ಹಾರಿತು ಅಂದಮೇಲೆ ಹುಡುಗಿಯರ ಪಾಡೇನು. ಫೀನಾ ಮುಖದ ಮೇಲಿನ ನೀರು ಒರೆಸಿಕೊಂಡಳಷ್ಟೇ:

ಏಡಿಯ ನಡಿಗೆ ಅಡ್ಡಾದಿಡ್ಡಿ,
ಅಲೆ ಬಂದರೆ ಬಿಲ ಸೇರಿತ್ತು;
ಕಣ್ಣು ಇಡಲು ನಾ ಬಂದೆನು ಹುಡುಗ,
ನಿಲ್ಲಲು ನಿನಗೆಲ್ಲಿ ಗೊತ್ತಿತ್ತು?

ಚೌಕವೇ ಕೂಗಿಕೊಂಡಿತು. ಡೋರಿಸ್‌ಳ ಮುಖ ನೋಡಬೇಕಿತ್ತು. ಇಷ್ಟು ವರ್ಷ ನಾನು ಕಾದದ್ದು ಇದಕ್ಕೇ. ಜೂನಿನಲ್ಲಿ ಬೆಸ್ತರ ಸಂತ ಸಾನ್ ಪೇದ್ರು ಹಬ್ಬದ ವೇದಿಕೆಯ ಮೇಲೆ ಇವರಿಬ್ಬರನ್ನು ಎದುರುಬದುರು ನಿಲ್ಲಿಸುತ್ತೇನೆ.

ಫೆಬ್ರವರಿ 22, ಗುರುವಾರ

ತಪಸ್ಸುಕಾಲದಲ್ಲಿ ಪಿಟೀಲು ಮುಟ್ಟಬಾರದು ಸರಿ, ಮಾತು ಆಡಬಾರದು ಅಂತ ಯಾವ ಪಾದ್ರಿಯೂ ಹೇಳಿಲ್ಲವಲ್ಲ. ಅಡುಗೆಮನೆಯಲ್ಲೇ ಅಭ್ಯಾಸ ಶುರು ಮಾಡಿದೆವು. ರಾಗವಿಲ್ಲ, ಬರೀ ಪದ್ಯ. ಹಿಲರಿ ಮೊಣಕಾಲಿಗೆ ತಾಳ ಹಾಕುತ್ತಾನೆ.

ಬೇಸಿಲ್ ಎಂಥ ಮರ್ಯಾದೆಯ ಹುಡುಗ! ಬರುವಾಗ ಬರಿಗೈಯಲ್ಲಿ ಬಂದದ್ದಿಲ್ಲ. ಸೋರುತ್ತಿದ್ದ ನಲ್ಲಿ ಸರಿಮಾಡಿದ. "ತೀಯಾ, ನಿಮ್ಮಂಥೋರು ಹೇಳ್ಕೊಡದೆ ಹೋದ್ರೆ ನಮ್ಗೆ ಯಾರು ದಿಕ್ಕು?" ಅಂದ. ಅತ್ತೆಗೂ ದೊಡ್ಡಮ್ಮನಿಗೂ ನಮ್ಮಲ್ಲಿ ತೀಯಾ ಅನ್ನುವ ಮಾತೊಂದೇ; ಅದನ್ನು ಇಷ್ಟು ಸವಿಯಾಗಿ ಹೇಳುವುದನ್ನು ನಾನು ಸ್ವಂತ ನೆಂಟರಿಂದಲೂ ಕೇಳಿಲ್ಲ.

ಇಬ್ಬರನ್ನೂ ಕೂರಿಸಿ ನನ್ನ ಅಜ್ಜಿಯ ಕಟ್ಟಳೆ ಹೇಳಿದೆ. ಕುಣಿಯುವ ಜಾಗದಲ್ಲಿ ಹಾಡಿದ್ದನ್ನು ಮನೆಗೆ ಹೊತ್ತು ತರಬಾರದು. ಎಷ್ಟೇ ಚುಚ್ಚಲಿ, ನಗಬೇಕು. ಬೇಸರ ಮಾಡಿಕೊಂಡವರು ಆಟಕ್ಕೇ ಲಾಯಕ್ಕಿಲ್ಲ.

"ಗೊತ್ತಾಯ್ತೇನೇ?" ಎಂದು ಬೇಸಿಲ್ ಅವಳ ಮೂಗು ಹಿಂಡಿದ. ಫೀನಾ ಕೆಂಪಾದಳು. ಈ ಇಬ್ಬರ ನಡುವೆ ಏನೋ ಇದೆ. ಇರಲಿ, ಪದ್ಯಕ್ಕೆ ಒಳ್ಳೆಯದು.

ಮಾರ್ಚ್ 9, ಶುಕ್ರವಾರ

ನನಗೆ ನಾನೇ ಬೆನ್ನು ತಟ್ಟಿಕೊಳ್ಳಬೇಕು! ಎರಡು ವಾರದ ಪಾಠಕ್ಕೆ ಬೇಸಿಲ್ ಹೇಗೆ ತಯಾರಾದ ಅಂದರೆ ನಂಬಲಾಗುತ್ತಿಲ್ಲ. ಏಡಿಗೂ ನೋಡಿಗೂ ಗಂಟು ಹಾಕುತ್ತಿದ್ದವನು ಇವತ್ತು ಇದನ್ನು ಹಾಡಿದ:

ಉಪ್ಪಿನ ಭರಣಿಯ ಸಿಗಡಿಯ ಮರಿಗೆ
ಕಡಲು ಎಲ್ಲಿದೆ ತಿಳಿದೀತೆ?
ಅಡುಗೆಮನೆಯಲಿ ಹಾಡುವ ಹುಡುಗಿಗೆ
ಲೋಕದ ರಾಗ ಒಲಿದೀತೆ?

ಆಹಾ! ಹೋಟೆಲಿನಲ್ಲಿ ತಂತಿ ಮೀಟುವ ಹುಡುಗನಿಗೆ ನಮ್ಮ ಸಿಗಡಿ ಭರಣಿಯ ಒಳಗುಟ್ಟು ಹೇಗೆ ಹೊಳೆಯಿತೋ. ಫೀನಾ ಸ್ವಲ್ಪ ಹೊತ್ತು ನೆಲ ನೋಡಿದಳು. ಆಮೇಲೆ:

ಭರಣಿಯ ಬಾಯಿಗೆ ಬಟ್ಟೆಯ ಕಟ್ಟಿ
ಬಿಸಿಲಿಗೆ ಇಟ್ಟವರಾರಯ್ಯ?
ಉಸಿರಿಗೆ ಒಂದು ತೂತನು ಬಿಟ್ಟರೆ
ನಿನ್ನ ಗಂಟೇನು ಹೋದೀತಯ್ಯ?

ಭೇಷ್ ಎಂದೆ. ಮೇಜು ಬಡಿದು ಭೇಷ್ ಎಂದೆ. ಬೇಸಿಲ್ ಕೂಡ ನಕ್ಕು, "ಕೊನೇ ಸಾಲು ಸ್ವಲ್ಪ ಜಾಸ್ತಿ ಆಯ್ತು ಕಣೇ, ಬದಲಾಯ್ಸು," ಎಂದ. ನಾನು ಬೇಡವೆಂದೆ. ಅವಳು ಬದಲಾಯಿಸಿದಳು. ನಾನು ಮೊದಲಿನದನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ಮಾರ್ಚ್ 25, ಗರಿಗಳ ಭಾನುವಾರ

ಫೀನಾ ಚರ್ಚಿನ ಗಾಯನ ಬಿಟ್ಟಳಂತೆ. ಅವಳ ಗೆಳತಿ ಮೌರೀನ್ ಬಂದು ಹೇಳಿದಾಗಲೇ ನನಗೆ ತಿಳಿದದ್ದು. ಕೇಳಿದರೆ, "ಅಲ್ಲಿ ಹುಡುಗ್ರು ಜಾಸ್ತಿ, ಬೇಸಿಲ್‌ಗೆ ಇಷ್ಟ ಇಲ್ಲ ತೀಯಾ," ಎಂದಳು. ಸರಿಯೇ, ಎರಡು ದೋಣಿಯಲ್ಲಿ ಕಾಲಿಟ್ಟರೆ ಪದ್ಯ ಕೂಡುವುದಿಲ್ಲ. ಮೌರೀನ್ ಒಳಗೂ ಬರದೆ ಹೋದಳು. ಈಗಿನ ಮಕ್ಕಳಿಗೆ ಮೂಗಿನ ತುದಿಯಲ್ಲೇ ಸಿಟ್ಟು.

ಏಪ್ರಿಲ್ 2, ಸೋಮವಾರ

ಈಸ್ಟರ್ ಕಳೆಯಿತು, ಪಿಟೀಲು ಹೊರಬಂತು. ನಿನ್ನೆ ದೇಬಲ್ ಸಾರು ಉರಿಯುರಿಯಾಗಿ ಆಗಿತ್ತು, ಹಿಲರಿ ಮೂಗೊರೆಸಿಕೊಳ್ಳುತ್ತಲೇ ಮೂರು ಸಲ ಬಡಿಸಿಕೊಂಡ. ಫೀನಾ ತಟ್ಟೆಯಲ್ಲಿ ಬೆರಳಾಡಿಸಿ ಎದ್ದಳು.

ಹಬ್ಬದ ಲಂಗವನ್ನು ಎರಡು ಬೆರಳು ಒಳಗೆ ಹಿಡಿದು ಹೊಲಿದೆ. ತೆಳ್ಳಗಾಗಿದ್ದಾಳೆ, ವೇದಿಕೆಯ ಮೇಲೆ ಚೆಂದ ಕಾಣುತ್ತಾಳೆ.

ಹಿಲರಿ ಬಲೆ ಕೊಡವುತ್ತ, "ಇರ್ಮಾ, ಮೊದ್ಲು ಈರುಳ್ಳಿ ಹೆಚ್ಚೋವಾಗ ಹಾಡ್ತಿದ್ಲು. ಈಗ ಕೇಳಿದೀಯಾ ನೀನು?" ಎಂದ.

"ಗಂಟಲು ಉಳಿಸ್ಕೊಳ್ತಿದಾಳೆ."

"ಹೂಂ. ನಗೋದನ್ನೂ ಉಳಿಸ್ಕೊಳ್ತಿದಾಳೆ ಅನ್ಸುತ್ತೆ."

ಮುದುಕನಿಗೆ ಕಿವಿಯೊಳಗಿನ ನೀರು ಇನ್ನೂ ಹೋಗಿಲ್ಲ.

ಏಪ್ರಿಲ್ 19, ಗುರುವಾರ

ಅಭ್ಯಾಸ. ಬೇಸಿಲ್ ಅದ್ಭುತ. ಫೀನಾ ಎರಡು ಕಡೆ ತಡವರಿಸಿದಳು.

ಏಪ್ರಿಲ್ 28, ಶನಿವಾರ

ಸಂತ ಮರಿಯಾ ಅನ್ನುವ ಮನೆತನದವರ ಮದುವೆಗೆ ಹೋಗಿದ್ದೆವು. ಊಟವಾದ ಮೇಲೆ ನಮ್ಮ ಜೋಡಿಯನ್ನು ಇಳಿಸಿದೆ. ಆಗಲೇ ಆದ ತಮಾಷೆ ಬರೆಯಬೇಕು.

ಮದುವೆಯ ಅಂಗಳದಲ್ಲಿ ಫೀನಾ ಮದುಮಗನ ತಮ್ಮನ ಜೊತೆ ಮಾತಾಡುತ್ತ ನಿಂತಿದ್ದಳು. ಬೇಸಿಲ್ ಹಿಂದಿನಿಂದ ಬಂದು ಅವಳು ಬಿಚ್ಚಿಟ್ಟ ಎರಡೂ ಚಪ್ಪಲಿ ತೆಗೆದು ಕಡಲಿಗೆ ಎಸೆದುಬಿಟ್ಟ. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಅದನ್ನೇ ಹಿಡಿದು ಅವನು ಹಾಡಿಗೆ ಇಳಿದ. ಇಳಿಯುವ ಮೊದಲು ಸ್ವಲ್ಪ ಹೊತ್ತು ಅವಳನ್ನು ಮೂಲೆಗೆ ಕರೆದು ಏನೋ ಮಾತಾಡಿದ, ಆಮೇಲೆ ಬಂದು:

ಚಪ್ಪಲಿ ಇಲ್ಲದ ಕಾಲಿನ ಹುಡುಗಿ
ಎಷ್ಟು ದೂರ ಹೋದಾಳು?
ಹಸಿವಾದೊಡನೆ ಬೆಕ್ಕಿನ ಹಾಗೆ
ಹಿತ್ತಿಲ ಬಾಗಿಲಿಗೆ ಬಂದಾಳು.

ಇದು ಪದ್ಯ! ಬೆಕ್ಕನ್ನು ಎಲ್ಲಿಂದ ತಂದ ನೋಡಿ! ಮದುಮಗಳ ಅಜ್ಜಿ ಹಲ್ಲಿನ ಸೆಟ್ಟು ಕೈಯಲ್ಲಿ ಹಿಡಿದು ನಕ್ಕಳು. ಫೀನಾ ಬರಿಗಾಲಲ್ಲಿ ನಿಂತೇ ಉತ್ತರ ಕೊಟ್ಟಳು:

ಬೆಕ್ಕಿಗೆ ಹಾಲಿನ ಬಟ್ಟಲು ಇಟ್ಟು
ಬಾಲದ ಮೇಲೆ ಕಾಲಿಟ್ಟೆ;
ಕೂಗಿದರದಕೆ ಜನ ನಗುತಾರೆ,
ಕೂಗದೆ ಹೋದರೆ ನಾ ಕೆಟ್ಟೆ.

ಮೂರನೆಯ ಸಾಲು ಹಾಡುತ್ತಿದ್ದಂತೆ ಜನ ನಿಜವಾಗಿಯೂ ನಕ್ಕರು! ಪದ್ಯ ಮುಗಿಯುವ ಮೊದಲೇ ಪದ್ಯ ನಿಜವಾಯಿತು. ಇಂಥ ಲೆಕ್ಕಾಚಾರ ನನಗೂ ಸಾಧ್ಯವಾಗಿರಲಿಲ್ಲ. ನನ್ನ ಅಜ್ಜಿ ಬದುಕಿದ್ದರೆ ಕೈಯಲ್ಲಿದ್ದ ಬಳೆ ಬಿಚ್ಚಿ ಕೊಡುತ್ತಿದ್ದಳು.

ಹಿಲರಿ ಮಾತ್ರ ನಡುವೆಯೇ ಪಿಟೀಲು ಇಳಿಸಿ ತಂತಿ ಸರಿಯಿಲ್ಲ ಎಂದ. ಮನೆಗೆ ಬರುವಾಗ ತನ್ನ ಚಪ್ಪಲಿ ಅವಳಿಗೆ ಕೊಟ್ಟು ತಾನು ಬರಿಗಾಲಲ್ಲಿ ನಡೆದ.

ಮೇ 13, ಭಾನುವಾರ

ಫೀನಾ ತೆಂಗಿನಕಾಯಿ ತುರಿಯಲಾರದೆ ಕೂತಿದ್ದಳು. ಬಲಗೈ ಮಣಿಕಟ್ಟು ಊದಿದೆ. "ಕುಣಿಯೋವಾಗ ತಿರುಚ್ತು," ಎಂದಳು. ಎಣ್ಣೆ ಬಿಸಿಮಾಡಿ ತಿಕ್ಕಿದೆ. ಅಭ್ಯಾಸದಲ್ಲಿ ಯಾವ ತಿರುವಿನಲ್ಲಿ ಹಾಗಾಯಿತು ಎಂದು ಯೋಚಿಸಿದರೆ ಹೊಳೆಯುತ್ತಿಲ್ಲ. ನಮ್ಮ ಈ ಬ್ರಾನ್ಯೋ ಕುಣಿತದಲ್ಲಿ ಕೈಕೈ ಹಿಡಿಯುವುದೇ ಇಲ್ಲ.

ಸಿಂಗಪುರದಿಂದ ತಂಗಿ ಲೂರ್ಡ್ಸ್ ಫೋನು ಮಾಡಿದಳು. "ಅಕ್ಕಾ, ಮಗು ಯಾಕೋ ಎರಡು ಮಾತಿಗಿಂತ ಜಾಸ್ತಿ ಆಡ್ತಿಲ್ಲ."

"ಪರೀಕ್ಷೆ ವರ್ಷ, ಮೇಲೆ ಹಬ್ಬ ಬೇರೆ. ನೀನು ಬಂದು ಅವಳ ಹಾಡು ಕೇಳು, ಆಮೇಲೆ ಮಾತಾಡು," ಎಂದೆ.

ಫೋನು ಇಟ್ಟಮೇಲೆ ಏಕೋ ಮಣಿಕಟ್ಟಿನ ಸುದ್ದಿ ಹೇಳಲಿಲ್ಲವಲ್ಲ ಅನ್ನಿಸಿತು.

ಜೂನ್ 3, ಭಾನುವಾರ

ಪ್ರಾರ್ಥನೆ ಮುಗಿಸಿ ಬರುವಾಗ ಫೀನಾಳ ಫೋನು ಐದಾರು ಸಲ ಬಡಿದುಕೊಂಡಿತು. ಪ್ರತಿ ಸಲವೂ ಬೆಚ್ಚಿದಳು. ಎಲ್ಲಿದ್ದೇನೆ ಎಂದು ಫೋಟೊ ತೆಗೆದು ಕಳಿಸಿದಳು, ನಾನೂ ಅದರಲ್ಲಿ ಕಾಣಬೇಕಂತೆ. ಬೇಸಿಲ್‌ಗೆ ಎಷ್ಟು ಅಕ್ಕರೆ ಎಂದು ಬರೆಯಲು ಹೊರಟೆ. ಬರೆಯುತ್ತ ಪೆನ್ನು ನಿಂತಿತು. ಸೆಕೆ ಜಾಸ್ತಿ ಇವತ್ತು.

ಜೂನ್ 21, ಗುರುವಾರ

ಹೇಗೆ ಬರೆಯಲಿ. ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಹಿಲರಿ ತಂದ ಮೀನು ಉಜ್ಜುತ್ತ ನಾವಿಬ್ಬರೇ ಹಿಂದಿನ ಕಟ್ಟೆಯ ಮೇಲೆ ಕೂತಿದ್ದೆವು. ಫೀನಾ ಕೈಯಲ್ಲಿದ್ದ ಮೀನನ್ನು ನೋಡುತ್ತ, ರಾಗವಿಲ್ಲದೆ, ಮೆಲ್ಲಗೆ ಹೇಳಿದಳು:

ಬಲೆಯಲಿ ಸಿಕ್ಕಿದ ಮೀನಿನ ಬಾಯಿ
ತೆರೆವುದು, ಮುಚ್ಚುವುದು;
ದಡದಲಿ ನಿಂತವರೆನ್ನುವರಲ್ಲ
'ಎಷ್ಟು ಚಂದ ಹಾಡುವುದು!'

ನನ್ನ ಅಭ್ಯಾಸ ಎಲ್ಲಿ ಹೋಗುತ್ತದೆ? "ಭೇಷ್!" ಎಂದೆ. "ಹಬ್ಬಕ್ಕೆ ಇದನ್ನ ಇಟ್ಕೋ. ಬೇಸಿಲ್ ಇದಕ್ಕೆ ಏನು ಉತ್ತರ ಕೊಡ್ತಾನೋ ನೋಡೋಣ."

ಅವಳು ಚಾಕು ಕೆಳಗಿಟ್ಟಳು. "ತೀಯಾ, ಇಲ್ಲಿ ಬೇಸಿಲ್ ಇಲ್ಲ. ಜನ ಇಲ್ಲ. ಪಿಟೀಲಿಲ್ಲ. ನಾನು ಹಾಡ್ತಿಲ್ಲ, ನಿಂಗೆ ಹೇಳ್ತಿದೀನಿ."

"ಏನು ಹೇಳ್ತಿದೀಯ?"

"ತಪಸ್ಸುಕಾಲದಿಂದ ಹೇಳ್ತಾನೇ ಇದೀನಿ. ನೀನು ಚಪ್ಪಾಳೆ ಹೊಡೀತೀಯ."

ಮೀನಿನ ಹೊಟ್ಟೆಯೊಳಗೆ ನನ್ನ ಬೆರಳು ಹಾಗೇ ನಿಂತಿತು. ಭರಣಿ. ಬಟ್ಟೆ ಕಟ್ಟಿದ ಬಾಯಿ. ಬೆಕ್ಕಿನ ಬಾಲ. ಒಂದೊಂದೇ ನೆನಪಾದವು, ನಾನು ಎಲ್ಲೆಲ್ಲಿ ಮೇಜು ಬಡಿದೆ ಅನ್ನುವುದೂ ನೆನಪಾಯಿತು.

"ಮನೇಲಿ ಯಾಕೆ ಹೇಳ್ಲಿಲ್ಲ ಮಗಳೇ?"

"ಹೊತ್ತು ತರಬಾರದು ಅಂದ್ಯಲ್ಲ."

ಮಣಿಕಟ್ಟು ಅವನು ತಿರುಚಿದ್ದು. ಮೌರೀನ್‌ಳ ಜೊತೆ ಮಾತು ಬಿಡಿಸಿದ್ದು ಅವನು. ಅದೆಲ್ಲಕ್ಕಿಂತ ದೊಡ್ಡದು ಇನ್ನೊಂದಿತ್ತು. "ಅವನ ಪದ್ಯ ಅಂತ ನೀನು ಕೊಂಡಾಡ್ತಿದ್ಯಲ್ಲ, ಅದೂ ನಂದೇ. ಸಿಗಡೀದು, ಬೆಕ್ಕಿಂದು, ಎಲ್ಲಾ. ಮದುವೇಲಿ ಮೂಲೆಗೆ ಕರ್ದು, ಬೇಗ ಕಟ್ಟಿಕೊಡು ಅಂದ. ನನ್ನನ್ನ ಬೈಯೋ ಪದ್ಯಾನ ನಾನೇ ಬರೆದು ಕೊಡಬೇಕಿತ್ತು. ಚೆನ್ನಾಗಿ ಬೈದಿಲ್ಲ ಅಂದ್ರೆ ಇನ್ನೊಂದ್ಸಲ ಬರೆಸ್ತಿದ್ದ."

ಮೀನು ಅರ್ಧಕ್ಕೇ ಬಿಟ್ಟು ಎದ್ದೆವು. ಮಧ್ಯಾಹ್ನ ಗಂಜಿ ಮಾಡಿದೆ, ಅವಳು ಒಂದು ಬಟ್ಟಲು ಕುಡಿದಳು.

ಜೂನ್ 22, ಶುಕ್ರವಾರ

ಹಿಲರಿಗೆ ಹೇಳಿದೆ. ಅವನು ಎದ್ದು ಬಲೆಯ ಕೋಲು ಹಿಡಿದುಕೊಂಡ. ಕೂರಿಸಲು ಅರ್ಧ ಗಂಟೆ ಬೇಕಾಯಿತು. ಲೂರ್ಡ್ಸ್‌ಗೆ ಫೋನು ಮಾಡಿದೆ, ಮಣಿಕಟ್ಟಿನ ಸುದ್ದಿಯನ್ನೂ ಹೇಳಿದೆ. ಅವಳು ಬೈದಳು. ಬೈಯಿಸಿಕೊಂಡೆ.

ಸಂಜೆ ಬೇಸಿಲ್ ಬಂದ, ಕೈಯಲ್ಲಿ ರವೆಯ ಕೇಕು. ಬಾಗಿಲಲ್ಲೇ ನಿಲ್ಲಿಸಿದೆ. ಫೀನಾ ಇನ್ನು ನಿನ್ನ ಜೊತೆ ಬರುವುದಿಲ್ಲ, ನೀನು ನನ್ನ ತಂಡದಲ್ಲೂ ಇಲ್ಲ, ಈ ಮನೆಯ ಹೊಸಿಲು ತುಳಿಯಬೇಡ ಎಂದೆ.

ಅವನು ಮುಗುಳ್ನಕ್ಕ. ಅದೇ ನಗು, ನಾನು ಇಲ್ಲಿ ಎಷ್ಟು ಸಲ ಹೊಗಳಿಲ್ಲ! "ಆಯ್ತು ತೀಯಾ. ಆದ್ರೆ ವೇದಿಕೆ ನಿಮ್ಮಪ್ಪಂದಲ್ವಲ್ಲ. ಹಾಡನ್ನ ಕೊಲ್ಲೋಕೆ ಯಾರು ಬೇಕಾದ್ರೂ ಇಳೀಬೋದು ಅಂತ ನೀವೇ ಹೇಳಿದ್ದು. ಅವಳು ಬಂದ್ರೂ ಹಾಡ್ತೀನಿ, ಬರದಿದ್ರೂ ಹಾಡ್ತೀನಿ. ನನ್ನ ಹತ್ರ ಅವಳ್ದು ತುಂಬಾ ಇದೆ."

"ಏನಿದೆ?"

"ಕೇಳಿ ಅವಳನ್ನೇ."

ಹಿಲರಿ ಹಿಂದಿನಿಂದ ಬಂದ. ಕೋಲು ಇರಲಿಲ್ಲ, ಆದರೂ ಬೇಸಿಲ್ ಕೇಕನ್ನು ಮೆಟ್ಟಿಲ ಮೇಲೆ ಬಿಟ್ಟು ನಡೆದ. ಕೋಳಿಗಳು ತಿಂದವು.

ಫೀನಾಳನ್ನು ಕೇಳಿದೆ. ಏಪ್ರಿಲಿನಲ್ಲಿ ಅವನು ಮಾತು ಬಿಟ್ಟಿದ್ದಾಗ ಇವಳು ಬೇಡಿಕೊಂಡು ಕಳಿಸಿದ ಪದ್ಯಗಳು. ಹತ್ತಿಪ್ಪತ್ತು ಇರಬಹುದು. ಒಂದನ್ನು ಗೋಡೆ ನೋಡುತ್ತ ಹೇಳಿದಳು:

ಇಳಿತದ ನೀರು ಕೆಸರನು ಬಿಟ್ಟಿತು,
ದೋಣಿಗೆ ಹಾದಿ ಉಳಿದಿಲ್ಲ;
ಒದ್ದರೂ ನಿನ್ನ ಬಾಗಿಲ ಬಳಿಯೇ,
ಬೇರೆ ಬಾಗಿಲು ತಿಳಿದಿಲ್ಲ.

"ಇದನ್ನ ಸಾನ್ ಪೇದ್ರು ದಿನ ಹಾಡ್ತಾನಂತೆ. ಎಲ್ರೂ ನಗ್ತಾರೆ ತೀಯಾ. ಅಲ್ಲಿ ಹಾಡಿದ್ದಕ್ಕೆಲ್ಲಾ ನಗ್ಲೇಬೇಕಲ್ಲ. ಆಮೇಲೆ ನಾನು ಈ ಬೀದೀಲಿ ಹೇಗೆ ಓಡಾಡ್ಲಿ?"

ಒಳ್ಳೆಯ ಪದ್ಯ. ಅನ್ನಬಾರದು, ಅನ್ನಲಿಲ್ಲ. "ಊಟ ಮಾಡು ಬಾ," ಎಂದೆ.

ಜೂನ್ 25, ಸೋಮವಾರ

ಲೂರ್ಡ್ಸ್ ರಜೆ ಹಾಕಿ ಬಂದಿದ್ದಾಳೆ. ಹಬ್ಬದ ದಿನ ಮಗಳನ್ನು ಸಿಂಗಪುರಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದಳು. ನಾನೂ ಹೂಂ ಎಂದೆ. ನನ್ನ ಜೋಡಿ, ನನ್ನ ವೇದಿಕೆ, ಎಲ್ಲ ಕಡಲಿಗೆ ಬೀಳಲಿ.

ಬೇಡ ಎಂದವಳು ಫೀನಾ. "ನಾನಿಲ್ದೆ ಇರೋವಾಗ ಅವನು ಹಾಡಿದ್ರೆ ಅದು ಅವನ ಪದ್ಯ ಆಗೋಗುತ್ತೆ," ಎಂದಳು. ಬೆಳಿಗ್ಗೆ ಎರಡು ಇಡಿಯಪ್ಪ ತಿಂದಿದ್ದಳು. ಮೌರೀನ್ ಬಂದಿದ್ದಳು, ಇಬ್ಬರೂ ಹಿತ್ತಿಲಲ್ಲಿ ಕೂತು ಪಿಸುಗುಟ್ಟಿದರು. ಒಮ್ಮೆ ನಗು ಕೇಳಿಸಿತು. ಯಾರದು ಎಂದು ನಾನು ಕಿಟಕಿಯಿಂದ ಇಣುಕಿದೆ. ಮೌರೀನ್‌ಳದು.

ಡೋರಿಸ್ ಹಬ್ಬಕ್ಕೆ ಹಾಡುವವರ ಪಟ್ಟಿ ಕೇಳಲು ಬಂದಳು. ಫೀನಾ ಇಳಿಯುತ್ತಾಳೋ ಇಲ್ಲವೋ ಅವಳ ಇಷ್ಟ ಎಂದೆ. "ನಿನ್ನ ಬಾಯಿಂದ ಇಂಥ ಮಾತಾ!" ಎಂದು ನನ್ನ ಹಣೆ ಮುಟ್ಟಿ ನೋಡಿದಳು.

ಜೂನ್ 29, ಶುಕ್ರವಾರ

ಮಧ್ಯಾಹ್ನ ದೋಣಿಗಳಿಗೆ ಪಾದ್ರಿಗಳು ತೀರ್ಥ ಚಿಮುಕಿಸಿದರು. ನಮ್ಮ ದೋಣಿಗೆ ಹಿಲರಿ ಹಳದಿ ಕಾಗದದ ಹೂ ಕಟ್ಟಿದ್ದ. ದೋಣಿ ಸಿಂಗಾರದ ಬಹುಮಾನ ಬರಲಿಲ್ಲ, ಬರುವುದೂ ಇಲ್ಲ.

ಸಂಜೆ ಚೌಕ ತುಂಬಿತ್ತು. ಪಿಟೀಲು ಹಿಲರಿಯದು. ಫೀನಾ ಹೋಗುವ ಮುಂಚೆ ಲಂಗ ಬೇಡ ಎಂದು ತನ್ನ ಮಾಮೂಲಿ ನೀಲಿ ಉಡುಪನ್ನೇ ಹಾಕಿಕೊಂಡಳು. ನಾನು ವೇದಿಕೆಯ ಮಗ್ಗುಲಲ್ಲಿ ಕುರ್ಚಿಯ ಬೆನ್ನು ಹಿಡಿದು ನಿಂತೆ. ಅವಳ ಮೊಣಕಾಲು ನಡುಗುತ್ತಿತ್ತು, ನನಗೆ ಕಾಣುತ್ತಿತ್ತು. ಬಿದ್ದರೆ ಹಿಡಿಯಲು ಎಷ್ಟು ಹೆಜ್ಜೆ ಬೇಕು ಎಂದೇ ನೋಡುತ್ತಿದ್ದೆ.

ಬೇಸಿಲ್ ಬಿಳಿ ಅಂಗಿ ತೊಟ್ಟು ಬಂದ. ಜನ ಸಿಳ್ಳೆ ಹೊಡೆದರು. ಮೊದಲ ಎರಡು ಸುತ್ತು ಮಾಮೂಲಿನಂತೆ ನಡೆಯಿತು, ಅವನು ಇವಳಿಂದ ಬರೆಸಿಕೊಂಡದ್ದರಲ್ಲಿ ಉಳಿದಿದ್ದನ್ನು ಹಾಡಿದ, ಇವಳು ಉತ್ತರಿಸಿದಳು. ಮೂರನೆಯ ಸುತ್ತಿಗೆ ಅವನು ಜನರ ಕಡೆ ತಿರುಗಿ, "ಈಗ ಹಾಡೋದು ಒಬ್ಬಳು ಹುಡುಗಿ ನನ್ನ ಕಾಲು ಹಿಡ್ಕೊಂಡು ಬೇಡಿದ್ದು, ಕೇಳಿ!" ಎಂದ. ಗೋಡೆ ನೋಡುತ್ತ ಫೀನಾ ಹೇಳಿದ್ದ ಪದ್ಯವದು. ಮೊದಲ ಎರಡು ಸಾಲು ಹಾಡಿದ. ಚೌಕ ಆಗಲೇ ನಗಲು ಬಾಯಿ ತೆರೆದಿತ್ತು.

ಎರಡನೆಯ ಸಾಲಿಗೂ ಮೂರನೆಯದಕ್ಕೂ ನಡುವೆ ಪಿಟೀಲು ಒಂದು ಸುತ್ತು ಒಂಟಿಯಾಗಿ ಹೋಗುತ್ತದೆ. ಹಾಡುವವನು ಉಸಿರು ತೆಗೆದುಕೊಳ್ಳುವುದು ಆಗಲೇ. ಅವನು ಉಸಿರು ತೆಗೆದುಕೊಂಡ. ಉಳಿದೆರಡು ಸಾಲನ್ನು ಫೀನಾ ಹಾಡಿದಳು.

ಪೂರ್ತಿ ದನಿಯಲ್ಲಿ. ಒಂದು ಅಕ್ಷರ ನುಂಗದೆ. ಆಮೇಲೆ ರಾಗ ಬಿಟ್ಟು, ಮನೆಯಲ್ಲಿ ಮಾತಾಡುವ ಹಾಗೆ ಜನರಿಗೆ ಹೇಳಿದಳು: "ಇದು ನಂದು. ನಾನೇ ಬರೆದಿದ್ದು, ನಾನೇ ಬೇಡ್ಕೊಂಡಿದ್ದು. ಇವನು ಹೊಡೀತಿದ್ದ, ಆದ್ರೂ ಬೇಡ್ಕೊಂಡೆ. ಇವನು ಇಷ್ಟು ದಿನ ಹಾಡಿದ್ದೂ ನಾನು ಬರೆದಿದ್ದೇ. ನೀವು ನಕ್ಕಿದ್ದು ನನ್ನ ಪದ್ಯಕ್ಕೆ. ಇನ್ನೂ ಇವೆ, ಬೇಸಿಲ್. ನೀನು ಹಾಡ್ತೀಯಾ, ನಾನೇ ಹಾಡ್ಲಾ?"

ಯಾರೂ ನಗಲಿಲ್ಲ. ಸಂತ ಮರಿಯಾ ಮನೆಯ ಅಜ್ಜಿ ಎದ್ದು ನಿಂತಳು, ಯಾಕೆಂದು ಅವಳಿಗೂ ಗೊತ್ತಿರಲಾರದು. ಲೂರ್ಡ್ಸ್ ನನ್ನ ತೋಳನ್ನು ಉಗುರು ಇಳಿಯುವಷ್ಟು ಹಿಡಿದಿದ್ದಳು. ಫೀನಾ ಹಿಲರಿಯ ಕಡೆ ನೋಡಿ ತಲೆಯಾಡಿಸಿದಳು, ಪಿಟೀಲು ಮತ್ತೆ ರಾಗ ಹಿಡಿಯಿತು, ಅವಳು ಒಂದು ಹೊಸ ಪದ್ಯ ಹಾಡಿದಳು. ಈಗ ಅವನ ಸರದಿ.

ಉತ್ತರ ಸಿಗದವನಿಗೆ ಎರಡು ಸುತ್ತು ಕಾದು, ಮರ್ಯಾದೆ ಉಳಿಸಲು ಪಿಟೀಲಿನವರು ರಾಗ ಮುಗಿಸಿಬಿಡುತ್ತಾರೆ. ಹಿಲರಿ ಮುಗಿಸಲಿಲ್ಲ. ಎರಡಾಯಿತು, ಮೂರಾಯಿತು, ನನ್ನ ಮುದುಕ ಕಣ್ಣು ಮುಚ್ಚಿಕೊಂಡು ಬಾರಿಸುತ್ತಲೇ ಇದ್ದ. ಬೇಸಿಲ್ ಬಾಯಿ ತೆರೆದ, ಮುಚ್ಚಿದ. ಕೊನೆಗೆ ಡೋರಿಸ್ ಮಕ್ಕಳಿಗೆ ಕಲಿಸುವ ಒಂದು ಪದ್ಯ ಶುರುಮಾಡಿದ. ಮುಂದೆ ಕೂತಿದ್ದ ಚಿಳ್ಳೆಪಿಳ್ಳೆಗಳೆಲ್ಲ ಅದನ್ನು ತಾವೇ ಹಾಡಿ ಮುಗಿಸಿದವು. ಅವನು ಇಳಿದು ಹೋದ. ಅವನು ಬೀದಿಯ ತಿರುವು ದಾಟುವವರೆಗೂ ಪಿಟೀಲು ನಿಲ್ಲಲಿಲ್ಲ.

ಫೀನಾ ಬೀಳಲಿಲ್ಲ. ತಾನೇ ನಡೆದು ಇಳಿದು ಬಂದಳು. ನೀರು ಕೊಟ್ಟೆ, ಲೋಟ ಎರಡೂ ಕೈಯಲ್ಲಿ ಹಿಡಿದು ಕುಡಿದಳು. ನಾನು ಹುಟ್ಟಿದಾಗಿನಿಂದ ಈ ಚೌಕದಲ್ಲಿ ಎಂತೆಂಥವರನ್ನೋ ನೋಡಿದ್ದೇನೆ, ಇಂಥ ಧೈರ್ಯ ನೋಡಿಲ್ಲ.

ಜೂನ್ 30, ಶನಿವಾರ

ಫೀನಾ ಹತ್ತು ಗಂಟೆಯವರೆಗೆ ಮಲಗಿದ್ದಳು. ಯಾರೂ ಎಬ್ಬಿಸಲಿಲ್ಲ. ಎದ್ದು ಎರಡು ಸಲ ಸಾರು ಬಡಿಸಿಕೊಂಡಳು. ಮೂರನೆಯ ಸಲ ಹಿಲರಿಯ ತಟ್ಟೆಯಿಂದ ಮೀನು ಕದ್ದಳು. ಮಣಿಕಟ್ಟು ವಾಸಿಯಾಗಿದೆ, ಸ್ವಲ್ಪ ತಿರುಗಿಸಿದರೆ ನೋಯುತ್ತದಂತೆ. ಸೋಮವಾರ ಡಾಕ್ಟರಿಗೆ ತೋರಿಸಬೇಕು. ಲೂರ್ಡ್ಸ್ ಅವಳಿಗೆ ಹೊಸ ಫೋನ್ ನಂಬರು ತರಲು ಪೇಟೆಗೆ ಹೋಗಿದ್ದಾಳೆ.

ಮಧ್ಯಾಹ್ನ ಡೋರಿಸ್ ಪುಸ್ತಕ, ಪೆನ್ನು ಹಿಡಿದು ಬಂದಳು. ಬಂದವಳೇ ಫೀನಾಳ ತಲೆ ಸವರಿ ಮೂಗು ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಇರ್ಮಾ, ಅವಳು ಕೊನೇಲಿ ಹಾಡಿದ್ದು ಹೇಳು, ಬರ್ಕೊಳ್ತೀನಿ. ನಮ್ಮ ಕಾಲದಿಂದ ಅಂಥ ಪದ್ಯ ಈ ಚೌಕದಲ್ಲಿ ಕೇಳಿಲ್ಲ ಅಂತ ಬೀದಿಯೆಲ್ಲಾ ಅದೇ ಮಾತು. ನಂಗೆ ಮೂರನೇ ಸಾಲು ಮರ್ತೋಗಿದೆ," ಎಂದಳು.

ಯೋಚಿಸಿದೆ. ಎಷ್ಟು ಯೋಚಿಸಿದರೂ ಒಂದು ಸಾಲೂ ಬರಲಿಲ್ಲ.

"ನನ್ನ ಹತ್ರ ಇಲ್ಲ ಡೋರಿಸ್."

"ನಿನ್ನ ಹತ್ರಾ? ಇಲ್ವಾ? ಯಾರ್ಯಾರ ಸೀನು, ಕೆಮ್ಮನ್ನೂ ಬರೆದಿಟ್ಕೊಳ್ಳೋಳು ನೀನು!"

ಫೀನಾ ತುತ್ತು ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. "ನಿಜವಾಗ್ಲೂ ಕೇಳಿಸ್ಕೊ‌ಳ್ಲಿಲ್ವಾ ತೀಯಾ?"

"ಇಲ್ಲ ಮಗಳೇ. ನೀನೆಲ್ಲಿ ಬಿದ್ದುಬಿಡ್ತೀಯೋ ಅಂತ ನಿನ್ನ ಕಾಲನ್ನೇ ನೋಡ್ತಿದ್ದೆ."

ಅವಳು ತಟ್ಟೆ ಬಿಟ್ಟು ಎದ್ದಳು. ಎಂಜಲು ಕೈಯಲ್ಲೇ ಬಂದು ನನ್ನ ಕೊರಳು ತಬ್ಬಿ, ಇಷ್ಟು ತಿಂಗಳಲ್ಲಿ ಮೊದಲ ಸಲ, ಬೀದಿಗೆಲ್ಲ ಕೇಳುವ ಹಾಗೆ ಜೋರಾಗಿ ಅತ್ತಳು. ಡೋರಿಸ್ ಪೆನ್ನು ಮುಚ್ಚಿ ಚೀಲಕ್ಕೆ ಹಾಕಿಕೊಂಡಳು.